ಉರಿ ಕಡಿಮೆ ಆಗದಿದ್ದಾಗ ಏನಂತಾರೆ?

ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ಕೂಲರ್ ಗಾಳಿಗೆ ಹೆದರುವವರು ಇರ್ತಾರಾ? ನಾನಿದ್ದೆ. ಹೊರಗೆ 42 ಡಿಗ್ರಿ ಬಿಸಿಲು. ಮನೆಯವರೆಲ್ಲ ಕೂಲರ್ ಮುಂದೆ ಜಾಗಕ್ಕಾಗಿ ಜಗಳ ಆಡುತ್ತಿದ್ದರೆ ನಾನು ಅಡುಗೆಮನೆ ಬಾಗಿಲ ಹತ್ತಿರ ಬೆವರುತ್ತಾ ಕೂತಿರುತ್ತಿದ್ದೆ. ಎಡಪಕ್ಕೆಗೆ ಗಾಳಿ ತಾಗಿದರೆ ಸಾಕು, ಬೆನ್ನಿಂದ ಎದೆಯವರೆಗೆ ಉರಿ ಹತ್ತುತ್ತಿತ್ತು. ಕುಪ್ಪಸದ ಬಟ್ಟೆ ತಾಗಿದರೂ ಅಷ್ಟೇ. ಸೆರಗು ಜಾರಿ ಮೈಗೆ ಉಜ್ಜಿದರೆ ಕಣ್ಣಲ್ಲಿ ನೀರು. ಆದರೆ ಅದೇ ಜಾಗವನ್ನು ಅಂಗೈಯಿಂದ ಗಟ್ಟಿಯಾಗಿ ಒತ್ತಿ ಹಿಡಿದರೆ ಸ್ವಲ್ಪ ಹಾಯ್ ಅನಿಸುತ್ತಿತ್ತು. ಇದನ್ನು ಹೇಳಿದರೆ ಯಾರೂ ನಂಬುತ್ತಿರಲಿಲ್ಲ. "ಗಾಳಿ ಬಡಿದ್ರ ನೋವಾಗ್ತದ, ಒತ್ತಿದ್ರ ಆಗಂಗಿಲ್ಲ, ಇದೆಂಥಾ ನೋವ್ರಿ ಟೀಚರ್?" ಅಂತ ಸ್ಟಾಫ್ ರೂಮಿನಲ್ಲಿ ನಕ್ಕವರೂ ಇದ್ದಾರೆ.

ನನಗೆ ಬಂದಿದ್ದು ಸರ್ಪಸುತ್ತು. ಅದು ಬಂತು, ಗುಳ್ಳೆ ಒಡೆಯಿತು, ಒಣಗಿತು, ಕಲೆ ಉಳಿಸಿ ಹೋಯಿತು. ಉರಿ ಮಾತ್ರ ಹೋಗಲಿಲ್ಲ. ಹೀಗೆ ಗುಳ್ಳೆ ಹೋಗಿ ಮೂರು ತಿಂಗಳಾದರೂ ಉಳಿಯುವ ನೋವಿಗೆ ಡಾಕ್ಟರ್ ಚೀಟಿಯಲ್ಲಿ ಪೋಸ್ಟ್ ಹರ್ಪೆಟಿಕ್ ನ್ಯೂರಾಲ್ಜಿಯಾ ಅಂತ ಬರೆಯುತ್ತಾರೆ. ಚರ್ಮಕ್ಕೆ ಏನೂ ಆಗಿರುವುದಿಲ್ಲ. ಚರ್ಮದಿಂದ ಸುದ್ದಿ ಒಯ್ಯುವ ನರವೇ ಕೆಟ್ಟಿರುತ್ತದೆ. ಅದಕ್ಕೇ ಗಾಳಿ ಬೀಸಿದ್ದೂ ಅದಕ್ಕೆ ಬೆಂಕಿ.

ಗುಳ್ಳೆ ಎದ್ದ ದಿನ ನಮ್ಮ ಅತ್ತಿ ನೋಡಿದ ತಕ್ಷಣ ಹೇಳಿದ್ದು ಒಂದೇ ಮಾತು. "ಯವ್ವಾ, ಇದಕ್ಕ ಸೂಜಿ ಗುಳಿಗಿ ನಡಿಯಂಗಿಲ್ಲ. ಹೆಡಿ ಬಾಲ ಕೂಡದ್ರಾಗ ಕಾವಿ ಬರಸಬೇಕು." ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದೇ ಮಾತು. ಸೊಂಟದ ಸುತ್ತ ಹಾವು ಹರಿದ ಹಾಗೆ ಗುಳ್ಳೆ ಏಳುತ್ತವೆ, ತಲೆ ಬಾಲ ಕೂಡಿದರೆ ಮನುಷ್ಯ ಉಳಿಯಲ್ಲ ಅನ್ನುವ ಹೆದರಿಕೆ. ಆಳಂದ ಕಡೆಯ ಒಂದು ಹಳ್ಳಿಗೆ ಕರೆದುಕೊಂಡು ಹೋದರು. ವಯಸ್ಸಾದ ಅಜ್ಜ. ಕಾವಿ ಅರೆದು ಗುಳ್ಳೆಗಳ ಸುತ್ತ ಗೆರೆ ಎಳೆದರು, ಎರಡೂ ತುದಿಗೆ ಅಡ್ಡಗೆರೆ ಹಾಕಿದರು, ಏನೋ ಮಣಮಣ ಅಂದರು. ದುಡ್ಡು ಕೊಡಲು ಹೋದರೆ ಮುಟ್ಟಲಿಲ್ಲ. "ಗುಡಿಗಿ ಹೋಗಿ ಕಾಯಿ ಒಡಸ್ರಿ, ಸಾಕು."

ಆ ಅಜ್ಜನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರೋದು ಆ ಹೆದರಿಕೆಯ ಮೇಲೆ. ಯಾಕೆಂದರೆ ಆ ಹಾವು ಸಾಮಾನ್ಯವಾಗಿ ಅರ್ಧ ಸುತ್ತೇ ಹರಿಯುವುದು. ಚಿಕ್ಕವರಿದ್ದಾಗ ನಮಗೆ ಅಮ್ಮ, ಅಂದರೆ ಚಿಕನ್‌ಪಾಕ್ಸ್, ಬಂದಿರುತ್ತಲ್ಲ, ಬೇವಿನ ಸೊಪ್ಪಿನ ಮೇಲೆ ಮಲಗಿಸಿ, ಮನೆಯಲ್ಲಿ ಒಗ್ಗರಣೆ ಹಾಕದೆ ಕಾಪಾಡಿರುತ್ತಾರಲ್ಲ, ಅದೇ ವೈರಸ್ ಇದು. ಅಮ್ಮ ಇಳಿದ ಮೇಲೆ ಅದು ಮೈ ಬಿಟ್ಟು ಹೋಗಲ್ಲ. ಬೆನ್ನುಹುರಿಯ ಪಕ್ಕದ ನರದ ಗಂಟುಗಳಲ್ಲಿ ವರ್ಷಗಟ್ಟಲೆ ಸುಮ್ನೆ ಮಲಗಿರುತ್ತದೆ. ವಯಸ್ಸಾಗಿ ಮೈಯ ಕಾವಲು ಸಡಿಲವಾದಾಗ ಎದ್ದು, ಒಂದು ನರದ ಗುಂಟ ಚರ್ಮಕ್ಕೆ ಬರುತ್ತದೆ. ಆ ನರ ಮೈಯ ಒಂದೇ ಬದಿಗೆ ಸೇರಿದ್ದು. ನಡುಗೆರೆಗೆ ಬಂದು ಅದರ ಹಾದಿ ಮುಗಿಯುತ್ತದೆ. ಹೀಗೆ ಅಡಗಿದ್ದ ವೈರಸ್ಸೇ ಮತ್ತೆ ಏಳುತ್ತದೆ ಅಂತ 1965ರಲ್ಲಿ ಬರೆದವರು ಹೋಪ್ ಸಿಂಪ್ಸನ್ ಎಂಬ ಇಂಗ್ಲೆಂಡಿನ ಸಣ್ಣ ಊರಿನ ಡಾಕ್ಟರ್. ತಮ್ಮ ಹತ್ತಿರ ಬರುವ ರೋಗಿಗಳನ್ನು ಹದಿನಾರು ವರ್ಷ ನೋಡಿ, ಲೆಕ್ಕ ಇಟ್ಟು ಹೇಳಿದ್ದು. ನಮ್ಮ ಓಣಿಯ ಕ್ಲಿನಿಕ್ ಡಾಕ್ಟರ ಥರದವರು ಅಂದುಕೊಂಡರೆ ನನಗೆ ಖುಷಿಯಾಗುತ್ತದೆ.

ಹಾಗಾದರೆ ಹೆದರಿಕೆಯಿಂದ ಏನು ನಷ್ಟ? ಹೊತ್ತು. ವೈರಸ್ಸಿನ ಗುಳಿಗೆ, ಅಸೈಕ್ಲೋವಿರ್ ಮತ್ತು ಅದರ ತಮ್ಮಂದಿರು, ಗುಳ್ಳೆ ಎದ್ದ 72 ಗಂಟೆಯೊಳಗೆ ಶುರು ಮಾಡಿದರೆ ಒಳ್ಳೆಯದು ಅಂತಾರೆ. ನಮ್ಮಲ್ಲಿ ಆ 72 ಗಂಟೆ ಕಾವಿ ಒಣಗುವುದನ್ನು ಕಾಯುವುದರಲ್ಲಿ ಕಳೆಯುತ್ತದೆ. ಹಳ್ಳಿಯಿಂದ ಬಂದು ನಾನು ಚರ್ಮದ ಡಾಕ್ಟರ್ ಮುಂದೆ ಕೂತಾಗ ಅವರು ಕಾವಿ ನೋಡಿ ಬೈಯಲಿಲ್ಲ. ದಿನಾ ನೋಡ್ತಾರಂತೆ.

ನೋವು ಉಳಿದುಕೊಂಡ ಮೇಲೆ ನರದ ಗುಳಿಗೆ ಶುರುವಾಯಿತು. ಗ್ಯಾಬಾಪೆಂಟಿನ್, ಪ್ರಿಗ್ಯಾಬಲಿನ್, ರಾತ್ರಿಗೆ ಅಮಿಟ್ರಿಪ್ಟಿಲಿನ್. ಇವು ಮಾಮೂಲಿ ನೋವಿನ ಗುಳಿಗೆ ಅಲ್ಲ. ಮೊದಲ ಎರಡು ಫಿಟ್ಸಿಗೆ ಅಂತ, ಮೂರನೆಯದು ಮನಸ್ಸು ಕುಗ್ಗಿದವರಿಗೆ ಅಂತ ಬಂದ ಔಷಧಿ. ಈಗ ನರದ ಗಲಾಟೆ ತಗ್ಗಿಸಲೂ ಕೊಡುತ್ತಾರೆ. ಗಲಾಟೆ ತಗ್ಗಿತು, ನಾನೂ ತಗ್ಗಿದೆ. ಬಾಯಿ ಒಣಗುತ್ತಿತ್ತು, ಹೊಟ್ಟೆ ಕಟ್ಟುತ್ತಿತ್ತು. ಹಾಜರಿ ಕೂಗುವಾಗ ಎದುರಿಗೆ ನಿಂತ ಹುಡುಗಿಯ ಹೆಸರು ನಾಲಿಗೆಗೆ ಬರುತ್ತಿರಲಿಲ್ಲ.

ಈ ಗುಳಿಗೆಗಳ ಬಗ್ಗೆ ಓದಿದಾಗ ಒಂದು ಲೆಕ್ಕ ಸಿಕ್ಕಿತು. ಗ್ಯಾಬಾಪೆಂಟಿನ್ ಮೇಲೆ ನಡೆದ ಪ್ರಯೋಗಗಳನ್ನೆಲ್ಲ ಕೂಡಿಸಿ ನೋಡಿದ ಕಾಕ್ರನ್ ವಿಮರ್ಶೆ ಅದು. ಸರ್ಪಸುತ್ತಿನ ನೋವಿದ್ದ 10 ಜನರಿಗೆ ಅದನ್ನು ಕೊಟ್ಟರೆ ಸುಮಾರು ಮೂವರಿಗೆ ನೋವು ಅರ್ಧದಷ್ಟಾದರೂ ಇಳಿಯುತ್ತದೆ. ಔಷಧಿಯೇ ಇಲ್ಲದ ಹುಸಿ ಗುಳಿಗೆ ಕೊಟ್ಟರೆ ಸುಮಾರು ಇಬ್ಬರಿಗೆ. ಇದನ್ನು ಓದಿ ನಮ್ಮೆಜಮಾನರು "ಹಂಗಾರ ಇದೂ ಅಷ್ಟಕ್ಕಷ್ಟೇ" ಅಂದರು. ನಾನು ಹಾಗನ್ನಲ್ಲ. ಮೂವರಲ್ಲಿ ಒಬ್ಬರಾಗುವ ಅದೃಷ್ಟ ಇದ್ದರೆ ಅದು ದೊಡ್ಡ ಮಾತೇ. ಆದರೆ ಉಳಿದ ಏಳು ಜನ ಏನು ಮಾಡಬೇಕು? ಅವರು ಊರೆಲ್ಲ ಸುತ್ತುತ್ತಾರೆ. ನಾನು ಆ ಏಳರಲ್ಲಿ ಒಬ್ಬಳು. ಔಷಧಿ ಸ್ವಲ್ಪ ಹಿಡಿಯಿತು, ಸಾಕಾಗುವಷ್ಟು ಅಲ್ಲ.

ಹೀಗೆ ಶುರುವಾಯಿತು ಸುತ್ತಾಟ. ನೋವಿದೆ ಅಂತ ಒಬ್ಬರಿಗೆ ಹೇಳಿದರೆ ನಾಲ್ಕು ವಿಳಾಸ ಸಿಗುವ ಊರು ನಮ್ಮದು. ಸೂಪರ್ ಮಾರ್ಕೆಟ್‌ನಲ್ಲಿ ಕಾಯಿಪಲ್ಯ ಮಾರುವ ಅಕ್ಕನ ಹತ್ತಿರವೂ ಒಂದು ವಿಳಾಸ ಇತ್ತು. ಸೊಲ್ಲಾಪುರಕ್ಕೆ ಹೋಗ್ರಿ, ಹೈದರಾಬಾದಿಗೆ ಹೋಗ್ರಿ, ಗಾಣಗಾಪುರಕ್ಕೆ ಹೋಗ್ರಿ.

ಮೊದಲು ಆಯುರ್ವೇದ. ವೈದ್ಯರು ಚೆನ್ನಾಗಿ ಓದಿಕೊಂಡವರು. ನಾಡಿ ಹಿಡಿದು, ನಾಲಿಗೆ ನೋಡಿ, ವಾತ ಕೆಟ್ಟಿದೆ ಅಂದರು. ಎಣ್ಣೆ ತಿಕ್ಕಿಸಿಕೊಳ್ಳಿ ಅಂದರು. ಅಲ್ಲಿನ ಹೆಣ್ಣುಮಗಳು ಬಿಸಿ ಎಣ್ಣೆಯ ಕೈ ಎಡಪಕ್ಕೆಗೆ ತಾಗಿಸಿದ ತಕ್ಷಣ ನಾನು ಹಲಗೆಯಿಂದ ಎದ್ದು ಕೂತೆ. ಮುಟ್ಟಿದರೇ ಉರಿಯುವ ಮೈಗೆ ತಿಕ್ಕುವ ಚಿಕಿತ್ಸೆ ಹೇಗೆ ಒಗ್ಗಬೇಕು? ಆಮೇಲೆ ಆ ಜಾಗ ಬಿಟ್ಟು ಉಳಿದ ಮೈಗೆ ತಿಕ್ಕಿದರು. ಅದು ನಿಜಕ್ಕೂ ಹಿತವಾಗಿತ್ತು. ನೋವಿರುವವರು ಒಂದು ಬದಿಯನ್ನು ಕಾಪಾಡಿಕೊಳ್ಳಲು ಭುಜ ಎತ್ತಿ, ಕುತ್ತಿಗೆ ಬಿಗಿದು ತಿಂಗಳುಗಟ್ಟಲೆ ಓಡಾಡುತ್ತಾರೆ. ಆ ಬಿಗಿ ಬಿಟ್ಟಿತು.

ಪಥ್ಯದ ಕಥೆ ಬೇರೆ. ಬದನೆಕಾಯಿ ಬೇಡ, ಆಲೂಗಡ್ಡೆ ಬೇಡ, ತೊಗರಿಬೇಳೆ ಬೇಡ. ಕಲಬುರಗಿಯಲ್ಲಿ ತೊಗರಿಬೇಳೆ ಬೇಡ ಅಂದರೆ ಏನರ್ಥ? ಇದು ಈ ನೆಲದ್ದೇ ಅಂತ ಗುರುತಿಸುವ ಜಿಐ ಟ್ಯಾಗ್ ಇಲ್ಲಿಯ ಬೇಳೆಗೆ 2019ರಲ್ಲಿ ಸಿಕ್ಕಾಗ ನಾವು ಶಾಲೆಯಲ್ಲಿ ಮಕ್ಕಳಿಗೆ ಹೆಮ್ಮೆಯಿಂದ ಹೇಳಿದ್ದೆವು. ಖಾರಬ್ಯಾಳಿ ಇಲ್ಲದ ಜೋಳದ ರೊಟ್ಟಿ ತಿಂದು ನೋಡಿ ಗೊತ್ತಾಗುತ್ತದೆ. ಆದರೂ ಹೆಸರುಬೇಳೆ ತಿಂದುಕೊಂಡಿದ್ದೆ. ಉರಿ ಕಡಿಮೆ ಆಗಲಿಲ್ಲ ಅಂದಾಗ ಬಂದ ಪ್ರಶ್ನೆ, "ಪಥ್ಯ ಸರಿಯಾಗಿ ಮಾಡಿದ್ರೇನು?" ಮಾಡಿದ್ದೇನೆ ಅಂದೆ. "ಎಲ್ಲೋ ತಪ್ಪಿರಬೇಕು ನೋಡ್ರಿ."

ಅಲ್ಲಿಂದ ಹೊರಗೆ ಬರುವಾಗ ನನಗೆ ಒಂದು ಅಳತೆಗೋಲು ಸಿಕ್ಕಿತು. ಆಮೇಲೆ ಎಲ್ಲರನ್ನೂ ಅದರಿಂದಲೇ ಅಳೆದೆ. ಯಾವ ಪದ್ಧತಿ, ಎಷ್ಟು ಹಳೆಯದು, ಬೋರ್ಡಿನ ಮೇಲೆ ಏನು ಬರೆದಿದೆ, ಇದೆಲ್ಲ ಬಿಟ್ಟುಬಿಟ್ಟೆ. ಉರಿ ಕಡಿಮೆ ಆಗಿಲ್ಲ ಅಂತ ನಾನು ಬಂದು ಹೇಳಿದಾಗ ಎದುರಿಗಿದ್ದವರು ಏನಂತಾರೆ? ಅದೊಂದೇ. ಗುಣವಾದಾಗ ಎಲ್ಲರೂ ಒಳ್ಳೆಯವರೇ.

ಒಂದು ಕಡೆ, ಹೆಸರು ಬೇಡ, ನನ್ನ ಗುಳಿಗೆ ಡಬ್ಬಿ ನೋಡಿ "ಇವನ್ನೆಲ್ಲ ಇವತ್ತೇ ಒಗದುಬಿಡ್ರಿ, ಆಗಷ್ಟೇ ನಮ್ಮ ಔಷಧಿ ಹಿಡೀತದ" ಅಂದರು. ಪ್ರಿಗ್ಯಾಬಲಿನ್ ಥರದ ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಬಾರದು. ಹಂತ ಹಂತವಾಗಿ ಇಳಿಸಬೇಕು. ಇಲ್ಲದಿದ್ದರೆ ನಿದ್ದೆಗೇಡು, ಚಡಪಡಿಕೆ, ಬೆವರು, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ಜೊತೆಗೆ ಅವರು ಕೊಟ್ಟ ಪುಡಿಯ ಪೊಟ್ಟಣದ ಮೇಲೆ ಒಂದಕ್ಷರ ಇರಲಿಲ್ಲ. ಏನಿದೆ ಇದರಲ್ಲಿ ಅಂದರೆ "ಬೇರು, ನಾರು" ಅಂದರು. ಅಮೆರಿಕದ ಸಂಶೋಧಕರು ಇಂಟರ್ನೆಟ್‌ನಲ್ಲಿ ಮಾರುವ ಆಯುರ್ವೇದ ಔಷಧಿಗಳನ್ನು ಪರೀಕ್ಷೆ ಮಾಡಿ 2008ರಲ್ಲಿ ಫಲಿತಾಂಶ ಬರೆದಿದ್ದರು. 193ರಲ್ಲಿ ಸುಮಾರು ಐದನೇ ಒಂದು ಭಾಗದಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಸೀಸ ಮೈಗೆ ಸೇರಿದರೆ ನರವನ್ನೇ ಕೆಡಿಸುತ್ತದೆ. ನರದ ನೋವಿಗೆ ನರ ಕೆಡಿಸುವ ಪುಡಿ! ಪೊಟ್ಟಣ ಅಲ್ಲೇ ಮೇಜಿನ ಮೇಲೆ ಬಿಟ್ಟು ಎದ್ದು ಬಂದೆ. ಹೆಸರು, ತಯಾರಿಸಿದವರು, ಒಳಗೇನಿದೆ, ಈ ಮೂರು ಬರೆಯದ ಯಾವುದನ್ನೂ ಬಾಯಿಗೆ ಹಾಕಬೇಡಿ. ಹೇಳಿದವರು ಎಷ್ಟೇ ದೊಡ್ಡವರಿರಲಿ.

ಹೋಮಿಯೋಪತಿಯ ಬಿಳಿ ಗುಂಡುಗಳನ್ನೂ ತಿಂದೆ. ಸಿಹಿಯಾಗಿದ್ದವು. ಅದರ ಬಗ್ಗೆ ಹೇಳಲು ಇಷ್ಟೇ ಇದೆ.

ಗಾಣಗಾಪುರಕ್ಕೆ ಅತ್ತಿ ಹರಕೆ ಹೊತ್ತಿದ್ದರು, ಹೋದೆವು. ಭೀಮಾ ಅಮರ್ಜಾ ಕೂಡುವಲ್ಲಿ ಸ್ನಾನ, ದತ್ತನ ಪಾದುಕೆ ದರ್ಶನ, ಆಮೇಲೆ ಪದ್ಧತಿಯಂತೆ ಜೋಳಿಗೆ ಹಿಡಿದು ಮಾಧುಕರಿ ಬೇಡುವುದು. ನೋವು ಹೋಗಲಿ ಅಂತ ಬೇಡಿಕೊಂಡೆನಾ ಅಂದರೆ, ಬೇಡಿಕೊಂಡೆ. ಆದರೆ ದೇವರನ್ನು ಈ ಅಳತೆಗೋಲಿನಿಂದ ಅಳೆಯುವುದು ಸರಿಯಲ್ಲ, ಬಿಡಿ.

ದರ್ಗಾ ಕಡೆ ಹೋಗುವ ದಾರಿಯ ಗಲ್ಲಿಯೊಂದರಲ್ಲಿದ್ದ ಹಕೀಮರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮ ಊರಿಗೂ ಯುನಾನಿ ವೈದ್ಯಕ್ಕೂ ಹಳೇ ನಂಟು. 1347ರಲ್ಲಿ ಗದ್ದುಗೆ ಏರಿದ ಬಹಮನಿ ಸುಲ್ತಾನರು ನಮ್ಮೂರನ್ನು ರಾಜಧಾನಿ ಮಾಡಿಕೊಂಡ ಮೇಲೆ ಪರ್ಷಿಯಾ ಕಡೆಯಿಂದ ಬಂದವರಲ್ಲಿ ಸೈನಿಕರು, ಕವಿಗಳು, ಸೂಫಿಗಳ ಜೊತೆ ಹಕೀಮರೂ ಇದ್ದರು. ಈಗಲೂ ಬೀದರ್‌ನಲ್ಲಿ, ಕಲಬುರಗಿಯಲ್ಲಿ ಹಕೀಮರ ದವಾಖಾನೆಗೆ ಎಲ್ಲ ಜಾತಿಯವರೂ ಹೋಗುತ್ತಾರೆ. ಮೈಯಲ್ಲಿ ರಕ್ತ, ಕಫ, ಹಳದಿ ಪಿತ್ತ, ಕರಿ ಪಿತ್ತ ಅಂತ ನಾಲ್ಕು ರಸ, ಅವುಗಳ ಹದ ತಪ್ಪಿದರೆ ಕಾಯಿಲೆ ಅನ್ನುವುದು ಅವರ ಲೆಕ್ಕ. ಈ ಲೆಕ್ಕವನ್ನು ನಾನು ನಂಬಲ್ಲ. ಎಂಟನೇ ಕ್ಲಾಸಿಗೆ ವಿಜ್ಞಾನ ಹೇಳುವವಳು ಹೇಗೆ ನಂಬಲಿ?

ಆದರೆ ಅವರು ನನ್ನ ಕೈ ಹಿಡಿದು ನಬ್ಜ್, ಅಂದರೆ ನಾಡಿ, ನೋಡುತ್ತಾ ಕೇಳಿದ ಪ್ರಶ್ನೆಗಳನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಯಾವ ಬದಿಗೆ ಮಲಗುತ್ತೀರಿ? ಉರಿ ಬಂದಾಗ ಎಚ್ಚರ ಆಗುತ್ತದಾ, ಎಚ್ಚರ ಆದಮೇಲೆ ಉರಿ ಬರುತ್ತದಾ? ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೆ? ಯಾವ ಬಟ್ಟೆ ತಡೆಯುತ್ತದೆ? ಹೊರಗೆ ಬೆಂಚಿನ ಮೇಲೆ ಜನ ಕಾಯುತ್ತಿದ್ದರು, ಅವರಿಗೆ ಅವಸರವೇ ಇರಲಿಲ್ಲ. ಹಿಜಾಮಾ ಮಾಡಿಸಲಾ ಅಂತ ನಾನೇ ಕೇಳಿದೆ. ಬಟ್ಟಲು ಕೂರಿಸಿ ರಕ್ತ ಎಳೆಯುವ ಚಿಕಿತ್ಸೆ ಅದು, ಈಗ ಎಲ್ಲ ಕಡೆ ಫ್ಯಾಷನ್ ಆಗಿದೆ. ಅವರು ತಲೆ ಅಲ್ಲಾಡಿಸಿದರು. "ಆ ಜಾಗಾ ಮುಟ್ಟಬ್ಯಾಡ್ರಿ. ನಾ ಸುಳ್ಳ ಹೇಳಂಗಿಲ್ರಿ ಟೀಚರ್, ಈ ಉರಿ ತೆಗಿಯೋದು ನನ್ನ ಕೈದಾಗ ಇಲ್ಲ. ಡಾಕ್ಟರ್ ಗೋಲಿ ಬಿಡಬ್ಯಾಡ್ರಿ. ಹೊಟ್ಟಿ ಸಾಫ್ ಮಾಡ್ತೀನಿ, ನಿದ್ದಿ ಸುಧಾರಸ್ಲಿಕ್ಕ ನೋಡ್ತೀನಿ. ಅಷ್ಟಕ್ಕ ಒಪ್ಗಿ ಇದ್ರ ಬರ್ರಿ."

ಅಷ್ಟಕ್ಕೆ ಒಪ್ಪಿ ಹೋದೆ. ಹೊಟ್ಟೆ ಕಟ್ಟುವುದು ಕಡಿಮೆಯಾಯಿತು. ಅವರು ಹೇಳಿದಂತೆ ಕುಪ್ಪಸದ ಕೆಳಗೆ ಮೈಗೆ ಬಿಗಿಯಾಗಿ ಅಂಟುವ ತೆಳು ಹತ್ತಿ ಬನಿಯನ್ ಹಾಕಿಕೊಂಡೆ. ಬಟ್ಟೆ ಸರಿದಾಡುವುದು ನಿಂತಿತು. ನನ್ನ ಕಾಯಿಲೆಯ ಪೂರ್ತಿ ಕಥೆಯಲ್ಲಿ ಅತಿ ಅಗ್ಗದ, ಅತಿ ಉಪಯೋಗದ ಸಲಹೆ ಅದೇ. ಅದಕ್ಕೂ ನಾಲ್ಕು ರಸಕ್ಕೂ ಏನು ಸಂಬಂಧ ಅಂತ ಕೇಳಬೇಡಿ.

ಒತ್ತಿದರೆ ಯಾಕೆ ಹಿತ ಅನ್ನುವುದಕ್ಕೆ ಉತ್ತರ ಸಿಕ್ಕಿದ್ದು ಫಿಸಿಯೋಥೆರಪಿ ಮಾಡುವ ಹುಡುಗನಿಂದ. ಮೆಲ್ಜಾಕ್ ಮತ್ತು ವಾಲ್ ಎಂಬ ಇಬ್ಬರು 1965ರಲ್ಲೇ, ಹೌದು ಅದೇ ವರ್ಷ, ಒಂದು ಸಿದ್ಧಾಂತ ಹೇಳಿದ್ದರು. ನೋವಿನ ಸುದ್ದಿ ಮಿದುಳಿಗೆ ಹೋಗುವ ಮೊದಲು ಬೆನ್ನುಹುರಿಯಲ್ಲಿ ಒಂದು ಗೇಟು ದಾಟಬೇಕು. ಒತ್ತಡ, ಸ್ಪರ್ಶದ ಸುದ್ದಿ ತರುವ ದಪ್ಪ ನರಗಳು ಕೆಲಸ ಮಾಡಿದರೆ ಆ ಗೇಟು ಸ್ವಲ್ಪ ಮುಚ್ಚಿಕೊಳ್ಳುತ್ತದೆ. ಪೆಟ್ಟಾದ ಜಾಗವನ್ನು ಮಕ್ಕಳು ಉಜ್ಜಿಕೊಳ್ಳುವುದು ಇದಕ್ಕೇ. ಟೆನ್ಸ್ ಎಂಬ ಸಣ್ಣ ಪೆಟ್ಟಿಗೆ ಇದೇ ಲೆಕ್ಕದ ಮೇಲೆ ಬಂದದ್ದು. ಚರ್ಮಕ್ಕೆ ಎರಡು ಪಟ್ಟಿ ಅಂಟಿಸಿ ಸಣ್ಣಗೆ ಕರೆಂಟ್ ಬಿಡುತ್ತಾರೆ, ಜುಮು ಜುಮು ಅನ್ನುತ್ತದೆ. ಉರಿಯುವ ಜಾಗದ ಮೇಲೆ ಅಲ್ಲ, ಪಕ್ಕದಲ್ಲಿ. ಆನ್ ಇದ್ದಷ್ಟು ಹೊತ್ತು ನನಗೆ ಪರವಾಗಿಲ್ಲ. ಆಫ್ ಆದಮೇಲೆ ಸ್ವಲ್ಪ ಹೊತ್ತಿಗೆ ಮತ್ತೆ ಅದೇ. "ಇಷ್ಟೇರೀ ಮೇಡಂ, ಇದು ಗುಣ ಮಾಡಲ್ಲ, ಪರೀಕ್ಷಾ ಪೇಪರ್ ತಿದ್ದೋ ಹೊತ್ತಿಗೆ ಹಚ್ಚಿಕೊಳ್ರಿ" ಅಂದ. ನನ್ನ ಅಳತೆಗೋಲಿನಲ್ಲಿ ಅವನಿಗೆ ಪೂರ್ತಿ ಅಂಕ.

ಅಕ್ಯುಪಂಕ್ಚರ್ ಶಿಬಿರವೊಂದರಲ್ಲಿ ಕೈಗೆ, ಮೊಣಕಾಲ ಕೆಳಗೆ ಕೂದಲಿನಷ್ಟು ತೆಳು ಸೂಜಿ ಚುಚ್ಚಿಸಿಕೊಂಡೆ. ಆ ರಾತ್ರಿ ಸತ್ತಂತೆ ನಿದ್ದೆ. ಮುಂದಿನ ಸಲ ಏನೂ ಇಲ್ಲ. ಆಗಿಲ್ಲವಲ್ಲ ಅಂದರೆ ಇನ್ನೂ ದುಬಾರಿ ಪ್ಯಾಕೇಜ್ ಹೇಳಿದರು.

ಇನ್ನು ಮೆಣಸಿನಕಾಯಿ. ನಗಬೇಡಿ. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್‌ನಿಂದ ಮುಲಾಮು ಮಾಡುತ್ತಾರೆ. ನಮ್ಮ ನರದ ತುದಿಯಲ್ಲಿ ಬಿಸಿಯನ್ನು ಗುರುತಿಸುವ ಒಂದು ಪ್ರೋಟೀನ್ ಇದೆ. ಖಾರ ಹೋಗಿ ತಟ್ಟುವುದೂ ಅದನ್ನೇ. ಅದಕ್ಕೇ ಖಾರ ತಿಂದರೆ ಬಾಯಿ 'ಸುಟ್ಟಿತು' ಅನ್ನುತ್ತೇವೆ. 1997ರಲ್ಲಿ ಅದನ್ನು ಕಂಡುಹಿಡಿದ ತಂಡದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಮತ್ತೆ ಮತ್ತೆ ಖಾರ ತಟ್ಟಿದರೆ ಆ ನರದ ತುದಿಗಳು ಸುಸ್ತಾಗಿ ಹಿಂದೆ ಸರಿಯುತ್ತವೆ. ಹೊರದೇಶದ ಆಸ್ಪತ್ರೆಗಳಲ್ಲಿ 8 ಶೇಕಡಾ ಕ್ಯಾಪ್ಸೈಸಿನ್ ಇರುವ ಪಟ್ಟಿಯನ್ನು ಒಂದು ಗಂಟೆ ಅಂಟಿಸಿ ತೆಗೆಯುತ್ತಾರೆ, ಕೆಲವರಿಗೆ ಮೂರು ತಿಂಗಳವರೆಗೆ ಆರಾಮ. ನನಗೆ ಡಾಕ್ಟರ್ ಬರೆದುಕೊಟ್ಟದ್ದು 0.075 ಶೇಕಡಾದ ಟ್ಯೂಬು. ದಿನಕ್ಕೆ ಮೂರ್ನಾಲ್ಕು ಸಲ, ತಿಂಗಳುಗಟ್ಟಲೆ.

ಮೊದಲ ವಾರ ಉರಿಯ ಮೇಲೆ ಉರಿ. ಅದೂ ನಮ್ಮ ಬಿಸಿಲಲ್ಲಿ, ಬೆವರಿನ ಜೊತೆ! ಅತ್ತಿ ನೋಡಿ, "ಗಾಯದ ಮ್ಯಾಲ ಖಾರ ಹಚ್ಲಕತ್ಯಾಳ, ಹುಚ್ಚ ಹಿಡದದ ಇಕಿಗಿ" ಅಂತ ಓಣಿಗೆಲ್ಲ ಹೇಳಿದರು. ಗಾಯ ಅಲ್ಲ, ಗಾಯದ ಮೇಲೆ ಹಚ್ಚಲೇಬಾರದು. ಗುಳ್ಳೆ ಪೂರ್ತಿ ಮಾಸಿದ ಚರ್ಮಕ್ಕೆ ಮಾತ್ರ. ಕೈಗವಸು ಹಾಕಿ ಹಚ್ಚಬೇಕು, ಇಲ್ಲ ಸಾಬೂನಿನಿಂದ ಕೈ ತೊಳೆಯಬೇಕು. ಹಸಿಮೆಣಸಿನಕಾಯಿ ಹೆಚ್ಚಿ ಕಣ್ಣು ಮುಟ್ಟಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮನೆಯಲ್ಲಿ ಮೆಣಸಿನಕಾಯಿ ಅರೆದು ಹಚ್ಚುವ ಸಾಹಸ ಮಾತ್ರ ಯಾರೂ ಮಾಡಬೇಡಿ, ಚರ್ಮ ಬೆಂದುಹೋಗುತ್ತದೆ. ಬರಬರುತ್ತಾ ಮುಲಾಮಿನ ಉರಿ ಇಳಿಯಿತು, ಜೊತೆಗೆ ಹಳೆಯ ಉರಿಯೂ ಒಂದಷ್ಟು ಇಳಿಯಿತು.

"ಎಲ್ಲಾ ಮನಸ್ಸಿಂದು ಟೀಚರ್" ಅನ್ನುವವರು ಇದ್ದೇ ಇರುತ್ತಾರೆ. ಅವರಿಗೆ 1978ರ ಒಂದು ಪ್ರಯೋಗ ಹೇಳಬೇಕು ಅನಿಸುತ್ತದೆ. ಹಲ್ಲು ಕೀಳಿಸಿಕೊಂಡವರಿಗೆ ಹುಸಿ ಔಷಧಿ ಕೊಟ್ಟಾಗ ಕೆಲವರ ನೋವು ಇಳಿಯಿತು. ಆಮೇಲೆ ಅವರಿಗೆ ನಾಲಾಕ್ಸೋನ್ ಕೊಟ್ಟರು. ಮೈಯೇ ಮಾಡಿಕೊಳ್ಳುವ ಅಫೀಮಿನಂಥ ರಸಗಳ ಕೆಲಸವನ್ನು ತಡೆಯುವ ಔಷಧಿ ಅದು. ಇಳಿದಿದ್ದ ನೋವು ಮತ್ತೆ ಏರಿತು. ಅಂದರೆ ನಂಬಿಕೆಯಿಂದ ಬಂದ ಆರಾಮವೂ ಸುಳ್ಳಲ್ಲ. ಅದಕ್ಕೂ ಮೈಯಲ್ಲಿ ದಾರಿಯಿದೆ. ಕಾವಿ ಅಜ್ಜನ ಮಣಮಣದಿಂದ ಆ ರಾತ್ರಿ ನನಗೆ ಸ್ವಲ್ಪ ಹಗುರ ಅನಿಸಿದ್ದು ನಿಜ. ಆದರೆ ಆ ಹಗುರಕ್ಕಾಗಿ ಯಾರಾದರೂ ನನ್ನ ಹೊತ್ತು, ದುಡ್ಡು, ಗುಳಿಗೆ ಕಸಿದುಕೊಂಡರೆ ಅದು ಬೇರೆ ವ್ಯವಹಾರ.

ಈಗ ನೋವು ತುಂಬಾ ಕಡಿಮೆ. ಕೂಲರ್ ಮುಂದೆ ಕೂರುತ್ತೇನೆ. ಮೋಡ ಕವಿದ ದಿನ, ನಿದ್ದೆಗೆಟ್ಟ ದಿನ ಪಕ್ಕೆ ಚುರುಗುಟ್ಟುತ್ತದೆ. ಯಾವುದರಿಂದ ಕಡಿಮೆಯಾಯಿತು? ಅತ್ತಿಗೆ ದತ್ತನೇ ಕಾರಣ. ಆಯುರ್ವೇದದವರು ತಮ್ಮ ಪಥ್ಯ ಅಂತಾರೆ. ನಮ್ಮೆಜಮಾನರಿಗೆ ಮುಲಾಮಿನ ಮೇಲೆ ಭಕ್ತಿ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಅನ್ನುವ ಹಾಗೆ, ಈ ನೋವು ಬಹಳ ಜನರಲ್ಲಿ ಕಾಲ ಹೋದಂತೆ ತಾನಾಗಿಯೇ ಇಳಿಯುತ್ತದೆ. ಕೆಲವರಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ನಾನು ಯಾವ ಗುಂಪಿನವಳು ಅಂತ ಮೊದಲೇ ಯಾರು ಹೇಳಬಲ್ಲರು? ಹಕೀಮರಿಗೆ ಸುದ್ದಿ ಹೇಳಿದಾಗ ಅವರು ಮಾತ್ರ ಏನನ್ನೂ ತಮ್ಮ ಲೆಕ್ಕಕ್ಕೆ ಬರೆದುಕೊಳ್ಳಲಿಲ್ಲ.

ಸರ್ಪಸುತ್ತಿಗೆ ಲಸಿಕೆ ಇದೆ, 2023ರಿಂದ ನಮ್ಮ ದೇಶದಲ್ಲೂ ಸಿಗುತ್ತದೆ. 50 ದಾಟಿದವರಿಗೆ ಎರಡು ಡೋಸು. ಸಾವಿರಾರು ರೂಪಾಯಿ ಆಗುತ್ತದೆ. ನನ್ನ ತಂಗಿಗೆ ಹೇಳಿ ಹೇಳಿ ಸಾಕಾಗಿದೆ. "ಅಷ್ಟ್ ರೊಕ್ಕಕ್ಕ ಒಂದು ಉಂಗುರಾ ಬರ್ತದಕ್ಕಾ" ಅಂತಾಳೆ. ಮಗಳ ಮದುವೆ ಮುಗಿಯಲಿ ಅಂದಿದ್ದಾಳೆ, ಕಾಯುತ್ತಿದ್ದೇನೆ.

ಮೊನ್ನೆ ಶಾಲೆಯ ಹಳೇ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ್ದ. ಅವರಪ್ಪನ ಸೊಂಟಕ್ಕೆ ಗುಳ್ಳೆ ಎದ್ದಿವೆಯಂತೆ.

"ಟೀಚರ್, ಆ ಹಕೀಮರ ನಂಬರ್ ಬೇಕಿತ್ರಿ."

"ಕೊಡ್ತೀನಿ. ಗುಳ್ಳಿ ಯಾವಾಗ ಎದ್ದಾವ?"

"ನಿನ್ನಿ ಸಂಜಿಕಿ."

"ಹಂಗಾರ ಮೊದಲು ಚರ್ಮದ ಡಾಕ್ಟರ್ ಹತ್ರ ಕರಕೊಂಡು ಹೋಗು. ಇವತ್ತೇ. ಹಕೀಮರ ನಂಬರ್ ಮುಂದಿನ ತಿಂಗಳಾ ಕೇಳು."

"ಮುಂಜಾನಿ ಹೋಗ್ತೀವ್ರಿ ಟೀಚರ್."

"ಈಗ ಎಷ್ಟ್ ಗಂಟಿ ಆಗ್ಯಾದ? ಐದು. ಕ್ಲಿನಿಕ್ ಒಂಬತ್ತರ ತನಕ ಇರ್ತದ. ಹೋಗು."